ಸೊಳ್ಳೆ ಮರಿಯ ಕರುಳಲ್ಲಿ ಒಂದು ಬೀಗ: ಬೀಜಾಣುವಿಗೆ 'ಈಗ ಮೊಳಕೆ ಒಡಿ' ಅಂತ ಹೇಳೋರು ಯಾರು?

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

 

ಇವತ್ತಿನ ಪ್ರಶ್ನೆ ಕೇಳೋಕೆ ಸಣ್ಣದು. ಒಂದು ಬೀಜಕ್ಕೆ ತಾನು ಯಾವಾಗ ಮೊಳಕೆ ಒಡೀಬೇಕು ಅಂತ ಹೇಗೆ ಗೊತ್ತಾಗ್ತದೆ?

ಯಾದಗಿರಿ, ಶಹಾಪುರ, ಸುರಪುರ ಕಡೆಯವರಿಗೆ ಈ ಪ್ರಶ್ನೆಯ ಬಿಸಿ ಚೆನ್ನಾಗಿ ಗೊತ್ತು. ಮೃಗಶಿರಾ ಮಳೆ ಒಂದು ಸಲ ಜೋರಾಗಿ ಬಂತು ಅಂತ ತೊಗರಿ ಬಿತ್ತುತ್ತೀವಿ. ಮಣ್ಣು ತೇವ ಆಯ್ತು, ಬೀಜ ಉಬ್ಬಿತು, ಮೊಳಕೆ ಬಂತು. ಆಮೇಲೆ ಇಪ್ಪತ್ತು ದಿನ ಮೋಡದ ಸುಳಿವೇ ಇಲ್ಲ. ಮೊಳಕೆ ಒಣಗಿ ಹೋಗ್ತದೆ, ಮತ್ತೆ ಬೀಜ ತರಬೇಕು, ಮತ್ತೆ ಬಿತ್ತಬೇಕು. ಬೀಜ ಒಂದೇ ಒಂದು ಸೂಚನೆಯನ್ನು ನಂಬಿತು, ಆ ಸೂಚನೆ ಸುಳ್ಳಾಯಿತು.

ಇವತ್ತು ನಾನು ಹೇಳೋಕೆ ಹೊರಟಿರೋದು ಹಂಗೆ ಮೋಸ ಹೋಗದ ಒಂದು ಬೀಜದ ಕಥೆ. ಬೀಜ ಅನ್ನೋದಕ್ಕಿಂತ ಬೀಜಾಣು, ಅಂದ್ರೆ ಸ್ಪೋರ್. ಶಿಲೀಂಧ್ರದ್ದು, ನಾವು ಬೂಸ್ಟು ಅಂತೀವಲ್ಲ ಆ ಜಾತಿಯದ್ದು. ಇದು ಮೊಳೆಯೋದು ಮಣ್ಣಲ್ಲೂ ಅಲ್ಲ, ಹಳಸಿದ ರೊಟ್ಟಿ ಮೇಲೂ ಅಲ್ಲ. ಸೊಳ್ಳೆ ಮರಿಯ ಕರುಳಿನೊಳಗೆ, ಅದೂ ಕರುಳಿನ ಒಂದು ನಿರ್ದಿಷ್ಟ ಭಾಗದಲ್ಲಿ ಮಾತ್ರ. ಒಂದು ಗೇಣು ಆಚೆ ಈಚೆ ಅಂತೀವಲ್ಲ, ಇಲ್ಲಿ ಒಂದು ಮಿಲಿಮೀಟರ್ ಆಚೆ ಈಚೆ ಆದ್ರೂ ಮುಗೀತು.

ಸೊಳ್ಳೆ ಯಾಕೆ, ಯಾದಗಿರಿ ಯಾಕೆ?

'ಸೊಳ್ಳೆಯ ಹೊಟ್ಟೆಯೊಳಗೆ ಏನು ಬೆಳೆದ್ರೆ ನಮಗೇನು' ಅಂತ ಅನ್ನಿಸಬಹುದು. ಅದಕ್ಕೇ ಮೊದಲು ಊರಿನ ವಿಷಯ ಹೇಳ್ತೀನಿ.

ನಮ್ಮ ಜಿಲ್ಲೆಯಲ್ಲಿ ಆನೆಕಾಲು ರೋಗ ಅನ್ನೋ ಮಾತು ಹೊಸದಲ್ಲ. ಪಕ್ಕದ ಕಲಬುರಗಿ, ರಾಯಚೂರು, ವಿಜಯಪುರದ ಹಾಗೆ ಯಾದಗಿರಿಯೂ ಈ ರೋಗದ ಪಟ್ಟಿಯಲ್ಲಿದ್ದ ಜಿಲ್ಲೆ. ರೋಗ ತರೋದು ದಾರದಂಥ ಒಂದು ಹುಳು, ಅದನ್ನು ಒಬ್ಬರಿಂದ ಒಬ್ಬರಿಗೆ ಹೊತ್ತು ಹಾಕೋದು ಕ್ಯೂಲೆಕ್ಸ್ ಸೊಳ್ಳೆ. ಮನೆ ಮುಂದಿನ ಗಟಾರದಲ್ಲಿ, ನಿಂತ ಕೊಳಕು ನೀರಲ್ಲಿ ಹುಟ್ಟುವ, ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನುವ ಅದೇ ಸೊಳ್ಳೆ.

ಈ ರೋಗಕ್ಕೆ ಐವರ್ಮೆಕ್ಟಿನ್, ಡಿಇಸಿ, ಆಲ್ಬೆಂಡಜೋಲ್ ಅಂತ ಮೂರು ಮಾತ್ರೆಗಳನ್ನು ಒಟ್ಟಿಗೆ ಕೊಡುವ ಕ್ರಮ ಇದೆ. ಇದು ನಮ್ಮ ದೇಶದಲ್ಲಿ ಸುರಕ್ಷಿತವೇ ಅಂತ ನೋಡೋಕೆ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್ ನಡೆಸಿದ ಸಮುದಾಯ ಮಟ್ಟದ ಅಧ್ಯಯನ ಇದೇ ಯಾದಗಿರಿ ಜಿಲ್ಲೆಯಲ್ಲಿ ಆಯ್ತು. ಆಮೇಲೆ 2018-19ರ ಹೊತ್ತಿಗೆ ದೇಶದಲ್ಲಿ ಮೂರು ಮಾತ್ರೆಯ ವಿತರಣೆ ಮೊದಲು ಶುರುವಾದದ್ದು ಐದೇ ಜಿಲ್ಲೆಗಳಲ್ಲಿ: ಬಿಹಾರದ ಅರ್ವಲ್, ಜಾರ್ಖಂಡ್‌ನ ಸಿಮ್ಡೇಗಾ, ಮಹಾರಾಷ್ಟ್ರದ ನಾಗಪುರ, ಉತ್ತರ ಪ್ರದೇಶದ ವಾರಾಣಸಿ, ಮತ್ತು ನಮ್ಮ ಯಾದಗಿರಿ. 2027ರೊಳಗೆ ಆನೆಕಾಲು ರೋಗ ತೊಲಗಿಸಬೇಕು ಅನ್ನೋದು ಭಾರತದ ಗುರಿ.

ಇನ್ನು ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರ ಭಾಗದಲ್ಲಿ ಭತ್ತದ ಗದ್ದೆ ಬಂತು, ನಿಂತ ನೀರು ಬಂತು. ಮನೆ ಅಂಗಳದ ಬ್ಯಾರಲ್ಲು, ಸಿಮೆಂಟ್ ತೊಟ್ಟಿಯಲ್ಲಿ ಡೆಂಗಿ ತರುವ ಈಡಿಸ್ ಸೊಳ್ಳೆ. ಹೀಗಾಗಿ ಸೊಳ್ಳೆ ಮರಿಯ ಹೊಟ್ಟೆಯೊಳಗೆ ಏನು ನಡೀತದೆ ಅನ್ನೋದು ನಮಗೆ ದೂರದ ವಿಜ್ಞಾನ ಅಲ್ಲ.

ಕೂದಲಿನಂಥ ಶಿಲೀಂಧ್ರ

ಸೊಳ್ಳೆಯ ಬದುಕಿನ ಮೊದಲ ಭಾಗ ನೀರಲ್ಲಿ. ಮೊಟ್ಟೆ ಒಡೆದು ಲಾರ್ವಾ ಬರ್ತದೆ. ಬ್ಯಾರಲ್ ಮುಚ್ಚಳ ತೆಗೆದ್ರೆ ಬಾಲ ಮೇಲೆ ಮಾಡಿ ತೂಗಾಡ್ತಾ, ನೆರಳು ಬಿದ್ದ ತಕ್ಷಣ ಸರ್ರ್ ಅಂತ ಕೆಳಗೆ ಹೋಗೋ ಹುಳ ಇದೆಯಲ್ಲ, ಅದೇ. ಅದಕ್ಕೆ ತಿನ್ನೋದು ಒಂದೇ ಕೆಲಸ. ಬಾಯಿ ಹತ್ತಿರ ಬ್ರಷ್‌ನಂಥ ಕೂದಲಿರ್ತವೆ, ಅವನ್ನು ಬಡೀತಾ ನೀರಲ್ಲಿ ತೇಲೋ ಪಾಚಿ, ಬ್ಯಾಕ್ಟೀರಿಯಾ, ಕೊಳೆತ ಎಲೆ ಚೂರು ಎಲ್ಲವನ್ನೂ ಒಳಗೆ ಎಳ್ಕೊಳ್ತದೆ.

ಹಂಗೆ ಎಳ್ಕೊಳ್ಳುವಾಗ ಕೆಲವೊಮ್ಮೆ ಒಂದು ಬೀಜಾಣುವೂ ಒಳಗೆ ಹೋಗ್ತದೆ. ಅದು ಸ್ಮಿಟಿಯಂ ಅನ್ನೋ ಶಿಲೀಂಧ್ರದ್ದು. ಈ ಇಡೀ ಗುಂಪನ್ನು ಹಿಂದಿನಿಂದ ಟ್ರೈಕೋಮೈಸೀಟ್ಸ್ ಅಂತ ಕರೀತಾ ಬಂದಿದ್ದಾರೆ. ಗ್ರೀಕ್ ಮಾತು: ಟ್ರೈಕೋ ಅಂದ್ರೆ ಕೂದಲು, ಮೈಸೀಟ್ಸ್ ಅಂದ್ರೆ ಶಿಲೀಂಧ್ರ. ಕೀಟದ ಕರುಳಿನ ಒಳಗೋಡೆಗೆ ಅಂಟಿಕೊಂಡು ಕೂದಲಿನ ಎಳೆ ಹಾಗೆ ಬೆಳೆಯೋದರಿಂದ ಈ ಹೆಸರು. ಸೊಳ್ಳೆ ಮಾತ್ರ ಅಲ್ಲ, ಹರಿಯುವ ನೀರಿನ ಕರಿನೊಣದ ಮರಿ, ಕೆಸರಿನಲ್ಲಿರೋ ಮಿಡ್ಜ್ ಹುಳದ ಮರಿ, ಇಂಥ ಅನೇಕ ನೀರಿನ ಕೀಟಗಳ ಹೊಟ್ಟೆಯಲ್ಲಿ ಇವುಗಳ ನೆಂಟರಿದ್ದಾರೆ.

ಇವುಗಳ ಅಧ್ಯಯನಕ್ಕೆ ಜೀವಮಾನ ಕೊಟ್ಟವರು ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ರಾಬರ್ಟ್ ಲಿಚ್ಟ್‌ವಾರ್ಟ್. ಅವರ ಜೊತೆ ಸೇರಿ ಈ ಶಿಲೀಂಧ್ರಗಳ ಸಚಿತ್ರ ಕೈಪಿಡಿ ಬರೆದವರು ನಮ್ಮ ದೇಶದವರೇ, ಲಖನೌದ ಜೆ.ಕೆ. ಮಿಶ್ರಾ. ಅಂದ್ರೆ ಭಾರತದ ನೀರಲ್ಲೂ ಇವು ಸಿಕ್ಕಿವೆ, ಹೆಸರು ಪಡೆದಿವೆ.

ಸ್ಮಿಟಿಯಂನ ಬೀಜಾಣು ನೋಡೋಕೆ ಜೋಳದ ಕಾಳಿಗಿಂತ ಸ್ವಲ್ಪ ಉದ್ದನೆಯ ಆಕಾರ. ಗಾತ್ರ ಮಾತ್ರ ನಮ್ಮ ತಲೆಕೂದಲಿನ ದಪ್ಪಕ್ಕಿಂತಲೂ ಕಡಿಮೆ. ಅದಕ್ಕೊಂದು ತೆಳ್ಳನೆಯ ಬಾಲದಂಥ ಎಳೆ. ನೀರಲ್ಲಿ ಆ ಎಳೆ ಪಾಚಿಗೋ ಕಸಕ್ಕೋ ಸಿಕ್ಕಿಕೊಂಡ್ರೆ ಬೀಜಾಣು ತಳ ಸೇರದೆ, ಮರಿಯ ಬಾಯಿಗೆ ಸಿಗೋ ಜಾಗದಲ್ಲೇ ಉಳೀತದೆ. ಹೊರಗಿನ ಗಟ್ಟಿ ಚಿಪ್ಪು, ಒಳಗೆ ಕಾಯ್ತಾ ಕೂತ ಜೀವಕೋಶ.

ಸಮಸ್ಯೆ ಏನಪ್ಪಾ ಅಂದ್ರೆ

ಈಗ ನೀವೇ ಆ ಬೀಜಾಣು ಅಂದ್ಕೊಳ್ಳಿ. ಮರಿ ನಿಮ್ಮನ್ನು ನುಂಗಿತು. ಕರುಳು ಅನ್ನೋದು ಓಡುವ ಬೆಲ್ಟ್ ಇದ್ದ ಹಾಗೆ. ಚೆನ್ನಾಗಿ ತಿನ್ನೋ ಮರಿಯಲ್ಲಿ ಆಹಾರ ಬಾಯಿಂದ ಹೊರಗೆ ಹೋಗೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಆಸುಪಾಸು ಸಾಕು. ಆ ಸಮಯದಲ್ಲಿ ನೀವು ಇಳಿಯುವ ಸ್ಟಾಪ್ ಬಂದಾಗ ಎಚ್ಚರಾಗಿ, ಚಿಪ್ಪಿನಿಂದ ಹೊರಬಂದು, ಗೋಡೆಗೆ ಅಂಟ್ಕೋಬೇಕು.

ಮೊದಲೇ ಎಚ್ಚರಾದ್ರೆ? ನಡುಗರುಳು ಅಂದ್ರೆ ಜೀರ್ಣ ಮಾಡೋ ಜಾಗ, ಅಲ್ಲಿ ಕಿಣ್ವಗಳು ನಿಮ್ಮನ್ನೇ ಕರಗಿಸ್ತವೆ. ತಡವಾದ್ರೆ? ಹಿಕ್ಕೆಯ ಜೊತೆ ವಾಪಸ್ ಗಟಾರಕ್ಕೆ. ನೀರಲ್ಲೇ ಎಚ್ಚರಾದ್ರಂತೂ ಅಂಟ್ಕೊಳ್ಳೋಕೆ ಗೋಡೆಯೇ ಇಲ್ಲ. ಹಿಂಗರುಳು, ಅಂದ್ರೆ ಕರುಳಿನ ಕೊನೆ ಭಾಗ, ಅದೊಂದೇ ಸರಿಯಾದ ಸ್ಟಾಪ್. ಅಲ್ಲಿ ಒಳಗೋಡೆಗೆ ಕೀಟದ ಚರ್ಮದಂಥದ್ದೇ ಒಂದು ಪದರ ಇರ್ತದೆ, ಅಂಟಿಕೊಳ್ಳೋಕೆ ಹೇಳಿ ಮಾಡಿಸಿದ ಜಾಗ.

ಕಣ್ಣಿಲ್ಲ, ಕಿವಿಯಿಲ್ಲ. ಕತ್ತಲೆ. ಯಾವ ಸ್ಟಾಪ್ ಬಂತು ಅಂತ ಹೇಗೆ ಗೊತ್ತಾಗಬೇಕು?

ಎರಡು ತಿರುವಿನ ಬೀಗ

ಇದಕ್ಕೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ವಿಜ್ಞಾನಿ ಬ್ರೂಸ್ ಹಾರ್ನ್ ಮುಖ್ಯರು. 1989ರಲ್ಲಿ ಅವರ ಪ್ರಯೋಗದ ಫಲಿತಾಂಶ ಬಂತು. ಅವರು ಮಾಡಿದ್ದು ಸರಳ ಯೋಚನೆ: ಸೊಳ್ಳೆ ಮರಿಯನ್ನೇ ಪಕ್ಕಕ್ಕಿಟ್ಟು, ಅದರ ಕರುಳಿನೊಳಗಿನ ರಾಸಾಯನಿಕ ಸ್ಥಿತಿಯನ್ನು ಗಾಜಿನ ಮೇಲೆ ಸೃಷ್ಟಿಸಿದ್ರೆ ಬೀಜಾಣು ಮೋಸ ಹೋಗ್ತದಾ?

ಇಲ್ಲಿ ಒಂದು ಮಾತು ತಿಳ್ಕೊಬೇಕು. ಸೊಳ್ಳೆ ಮರಿಯ ನಡುಗರುಳಿನ ಮುಂಭಾಗ ಇಡೀ ಜೀವಲೋಕದಲ್ಲೇ ಅತಿ ಕ್ಷಾರೀಯ ಜಾಗಗಳಲ್ಲಿ ಒಂದು. ಪಿಎಚ್ 10ರ ಮೇಲೆ. ಪಿಎಚ್ ಗೊತ್ತಲ್ಲ, ಮಣ್ಣು ಪರೀಕ್ಷೆ ಕಾರ್ಡಿನಲ್ಲಿ ಬರೀತಾರೆ. 7 ಅಂದ್ರೆ ಸಮ, ಅದಕ್ಕಿಂತ ಕಡಿಮೆ ಹುಳಿ, ಜಾಸ್ತಿ ಆದ್ರೆ ಕ್ಷಾರ. ಕಾಲುವೆ ನೀರು ಅತಿಯಾಗಿ ಬಿಟ್ಟು ಸವಳಾದ ಭೂಮಿಯಲ್ಲಿ ಪಿಎಚ್ 8.5 ದಾಟಿದ್ರೇನೇ ಬೆಳೆ ಒದ್ದಾಡ್ತದೆ. ಈ ಪುಟ್ಟ ಹುಳ ತನ್ನ ಹೊಟ್ಟೆಯೊಳಗೆ ಬಟ್ಟೆ ತೊಳೆಯೋ ಸೋಡಾ ನೀರಿನಷ್ಟು ಕ್ಷಾರ ಇಟ್ಕೊಂಡಿರ್ತದೆ. ಕೊಳೆತ ಎಲೆಯಲ್ಲಿರೋ ಒಗರಿನ ಅಂಶ ಜೀರ್ಣಕ್ಕೆ ಅಡ್ಡಿ ಮಾಡದ ಹಾಗೆ ಇದು ನೋಡ್ಕೊಳ್ತದೆ ಅನ್ನೋದು ವಿಜ್ಞಾನಿಗಳು ಕೊಡುವ ಒಂದು ವಿವರಣೆ. ಹಿಂದಕ್ಕೆ ಹೋಗ್ತಾ ಹೋಗ್ತಾ ಕ್ಷಾರ ಇಳಿದು, ಹಿಂಗರುಳು ಮುಟ್ಟೋ ಹೊತ್ತಿಗೆ ಪಿಎಚ್ ಹೆಚ್ಚುಕಡಿಮೆ 7ಕ್ಕೆ ಬಂದಿರ್ತದೆ.

ಹಾರ್ನ್ ಕಂಡುಕೊಂಡದ್ದು ಇದು. ಬೀಜಾಣುವನ್ನು ಬರೀ ಸಮ ನೀರಲ್ಲಿ ಇಟ್ರೆ ಏನೂ ಆಗೋದಿಲ್ಲ. ಬರೀ ಕ್ಷಾರದಲ್ಲಿ ಇಟ್ಟು ಬಿಟ್ರೂ ಕೆಲಸ ಪೂರ್ತಿ ಆಗೋದಿಲ್ಲ. ಮೊದಲು ಪೊಟ್ಯಾಶಿಯಂ ಇರುವ, ಪಿಎಚ್ 10ರ ದ್ರಾವಣ. ಆಮೇಲೆ ಪಿಎಚ್ 7ಕ್ಕೆ ಇಳಿಸಬೇಕು. ಈ ಎರಡೂ ಇದೇ ಕ್ರಮದಲ್ಲಿ ಆದಾಗ ಚಿಪ್ಪಿನ ತುದಿ ತೆರೆದು, ಒಳಗಿನ ಕೋಶ ನಿಮಿಷಗಳಲ್ಲಿ ಹೊರಗೆ ಜಾರಿ ಬರ್ತದೆ. ನಾವು ಗೊಬ್ಬರದ ಅಂಗಡಿಯಲ್ಲಿ ಪೊಟ್ಯಾಶ್ ಅಂತ ಕೇಳ್ತೀವಲ್ಲ, ಅದರಲ್ಲಿರೋ ಪೊಟ್ಯಾಶಿಯಂ ಇಲ್ಲಿ ಬೀಗದ ಕೈ.

ಮೊಬೈಲ್‌ನಲ್ಲಿ ದುಡ್ಡು ಕಳಿಸುವಾಗ ಮೊದಲು ಫೋನ್ ಲಾಕ್ ತೆಗೀತೀವಿ, ಆಮೇಲೆ ಯುಪಿಐ ಪಿನ್ ಹಾಕ್ತೀವಿ. ಒಂದೇ ಇದ್ರೆ ದುಡ್ಡು ಹೋಗೋದಿಲ್ಲ. ಇಲ್ಲೂ ಹಂಗೆ. ಸವಳು ನೀರಿನ ಹೊಂಡಕ್ಕೆ ಬಿದ್ರೂ ಬೀಜಾಣು ಮೋಸ ಹೋಗೋದಿಲ್ಲ, ಯಾಕಂದ್ರೆ ಎರಡನೇ ಹಂತ ಅಲ್ಲಿಲ್ಲ. ಸಿಹಿನೀರಿಗೆ ಬಿದ್ರೂ ಇಲ್ಲ, ಯಾಕಂದ್ರೆ ಮೊದಲನೇ ಹಂತ ಅಲ್ಲಿಲ್ಲ. 'ಜೋರು ಕ್ಷಾರ, ಪೊಟ್ಯಾಶಿಯಂ, ಆಮೇಲೆ ತಕ್ಷಣ ಸಮ' ಅನ್ನೋ ಸರಣಿ ಒಂದು ಕೀಟದ ಕರುಳನ್ನು ಬಿಟ್ಟು ಬೇರೆಲ್ಲೂ ಸುಲಭಕ್ಕೆ ಸಿಗೋದಿಲ್ಲ. ತೊಗರಿ ಬೀಜ ಒಂದು ಮಳೆಯನ್ನು ನಂಬಿತು. ಇದು ಎರಡು ಗುರುತು ಕೇಳ್ತದೆ, ಅದೂ ಸರದಿ ಪ್ರಕಾರ.

ಹೊರಬಂದ ಕೋಶ ಕೂಡಲೇ ಅಂಟು ಸುರಿಸಿ ಹಿಂಗರುಳಿನ ಗೋಡೆಗೆ ಕಚ್ಚಿಕೊಳ್ತದೆ. ಆಮೇಲೆ ಕವಲು ಕವಲಾಗಿ ಬೆಳೀತದೆ. ಗಮನಿಸಿ, ಇದು ಗೋಡೆ ಕೊರೆದು ಒಳಗೆ ಹೋಗೋದಿಲ್ಲ. ಗೋಡೆ ಮೇಲೆ ಕೂತು, ಪಕ್ಕದಲ್ಲಿ ಹರಿದು ಹೋಗೋ ಅರ್ಧ ಜೀರ್ಣವಾದ ರಸದಲ್ಲೇ ಬದುಕ್ತದೆ. ಕಾಲುವೆ ದಂಡೆ ಮೇಲಿನ ಹುಲ್ಲಿನ ಹಾಗೆ.

ನಾಲ್ಕು ಸಲ ಮನೆ ಬೀಳೋದು

ಆದ್ರೆ ಈ ಮನೆ ಶಾಶ್ವತ ಅಲ್ಲ. ಸೊಳ್ಳೆ ಮರಿ ದೊಡ್ಡದಾಗ್ತಾ ನಾಲ್ಕು ಹಂತ ದಾಟ್ತದೆ, ಪ್ರತಿ ಹಂತದ ಕೊನೆಗೆ ಪೊರೆ ಕಳಚ್ತದೆ. ಹಾವು ಪೊರೆ ಬಿಟ್ಟ ಹಾಗೆ. ವಿಚಿತ್ರ ಏನಂದ್ರೆ, ಹೊರಗಿನ ಪೊರೆ ಜೊತೆಗೆ ಹಿಂಗರುಳಿನ ಒಳಪದರವೂ ಕಿತ್ಕೊಂಡು ಬರ್ತದೆ. ಅದರ ಜೊತೆ ಶಿಲೀಂಧ್ರವೂ ಹೊರಗೆ.

ಅಂದ್ರೆ ಶಿಲೀಂಧ್ರಕ್ಕೆ ಸಿಗೋದು ಬೆಚ್ಚಗಿನ ನೀರಲ್ಲಿ ಒಂದೆರಡು ದಿನದ ಅವಧಿ. ಅಷ್ಟರೊಳಗೆ ಮೊಳೆತು, ಬೆಳೆದು, ತನ್ನದೇ ಹೊಸ ಬೀಜಾಣು ಕಟ್ಟಬೇಕು. ಅವು ಹಿಕ್ಕೆಯ ಜೊತೆಗೋ, ಕಳಚಿದ ಪೊರೆಯ ಜೊತೆಗೋ ನೀರಿಗೆ ಬಿದ್ದು, ಬೇರೆ ಮರಿಯ ಬಾಯಿ ಸೇರಬೇಕು. ಅದೇ ಮರಿಯೂ ಮತ್ತೆ ನುಂಗಬೇಕು, ಇಲ್ಲಾಂದ್ರೆ ಮುಂದಿನ ಹಂತದಲ್ಲಿ ಅದರ ಹೊಟ್ಟೆ ಖಾಲಿ. ಮೊಳಕೆ ಒಡೆಯೋದಕ್ಕೆ ಗಂಟೆಗಟ್ಟಲೆ ಅಲ್ಲ, ನಿಮಿಷಗಳು ಮಾತ್ರ ಯಾಕೆ ಅನ್ನೋದು ಈಗ ಅರ್ಥ ಆಗ್ತದೆ.

ಕೊನೆಗೆ ಮರಿ ಕೋಶಾವಸ್ಥೆಗೆ ಹೋದಾಗ, ಅಂದ್ರೆ ಪ್ಯೂಪಾ ಆದಾಗ, ತಿನ್ನೋದೇ ನಿಲ್ತದೆ, ಕರುಳೇ ಹೊಸದಾಗಿ ಕಟ್ಟಿಕೊಳ್ತದೆ. ಹಾಗಾದ್ರೆ ಒಂದು ಹೊಂಡದಿಂದ ಇನ್ನೊಂದಕ್ಕೆ ಶಿಲೀಂಧ್ರ ಹೋಗೋದು ಹೇಗೆ? ಕರಿನೊಣಗಳಲ್ಲಿ ಇದಕ್ಕೆ ಬೆರಗಾಗೋ ದಾರಿಯೊಂದು ಸಿಕ್ಕಿದೆ. ಈ ಗುಂಪಿನ ಕೆಲವು ಶಿಲೀಂಧ್ರಗಳು ಹೆಣ್ಣು ನೊಣದ ಅಂಡಾಶಯಕ್ಕೇ ಹೋಗಿ, ಮೊಟ್ಟೆ ಇರಬೇಕಾದ ಜಾಗದಲ್ಲಿ ತಮ್ಮ ಗಂಟು ಕಟ್ಟಿಕೊಳ್ತವೆ. ಆ ನೊಣ ದೂರದ ಹೊಳೆಗೆ ಹಾರಿ ಹೋಗಿ 'ಮೊಟ್ಟೆ' ಇಡ್ತದೆ. ಇಟ್ಟದ್ದು ಶಿಲೀಂಧ್ರವನ್ನು.

ಗೆಳೆಯನೋ, ವೈರಿಯೋ?

ಈಗ ನಿಮ್ಮ ತಲೆಯಲ್ಲಿ ಓಡ್ತಿರೋ ಪ್ರಶ್ನೆ: 'ಹಂಗಾದ್ರೆ ಈ ಬೂಸ್ಟನ್ನೇ ಗಟಾರಕ್ಕೆ ಹಾಕಿದ್ರೆ ಸೊಳ್ಳೆ ಸಾಯ್ತವಲ್ಲ?'

ಅಷ್ಟು ಸುಲಭ ಇಲ್ಲ. ಹೆಚ್ಚಿನ ಸ್ಮಿಟಿಯಂಗಳು ಮರಿಗೆ ಏನೂ ಮಾಡೋದಿಲ್ಲ, ಬಾಡಿಗೆದಾರರ ಹಾಗೆ ಇರ್ತವೆ. ಅಷ್ಟೇ ಅಲ್ಲ, 1981ರಲ್ಲಿ ಹಾರ್ನ್ ಮತ್ತು ಲಿಚ್ಟ್‌ವಾರ್ಟ್ ಈಡಿಸ್ ಸೊಳ್ಳೆ ಮರಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಉಲ್ಟಾ ವಿಷಯ ಕಂಡಿತು. ಕೆಲವು ಬಿ ವಿಟಮಿನ್, ಕೊಬ್ಬಿನಂಥ ಕೆಲವು ಅಂಶ ಇಲ್ಲದ ಕಳಪೆ ಆಹಾರ ಕೊಟ್ಟಾಗ, ಹೊಟ್ಟೆಯಲ್ಲಿ ಶಿಲೀಂಧ್ರ ಇದ್ದ ಮರಿಗಳೇ ಇಲ್ಲದವುಗಳಿಗಿಂತ ಚೆನ್ನಾಗಿ ಬೆಳೆದವು. ಬಾಡಿಗೆದಾರ ಕಷ್ಟದಲ್ಲಿ ಮನೆಯವರಿಗೇ ಊಟ ಕೊಟ್ಟ ಹಾಗೆ.

ಅದೇ ಹೊತ್ತಿಗೆ, 1981ರಲ್ಲೇ, ಆಸ್ಟ್ರೇಲಿಯಾದಿಂದ ಇನ್ನೊಂದು ವರದಿ. ಸ್ಮಿಟಿಯಂ ಮಾರ್ಬೋಸಂ ಅನ್ನೋ ಜಾತಿ ಗೋಡೆ ಮೇಲೆ ಸುಮ್ಮನೆ ಕೂರೋದಿಲ್ಲ, ಒಳಗೆ ಕೊರೀತದೆ. ಮರಿಗೆ ಪೊರೆ ಬಿಡೋಕೆ ಆಗದೆ ಸಾಯ್ತದೆ. ಒಂದೇ ಕುಲ, ಒಂದೇ ಥರದ ಬೀಗ. ಒಂದು ಗೆಳೆಯ, ಒಂದು ವೈರಿ.

ಹಾಗಾಗಿ 'ಕೀಟದೊಳಗಿನ ಶಿಲೀಂಧ್ರ ಅಂದ್ರೆ ಕೀಟನಾಶಕ' ಅಂತ ತಿಳ್ಕೊಳ್ಳೋದು ತಪ್ಪು. ತಪ್ಪು ಜಾತಿಯನ್ನು ತಂದು ಗಟಾರಕ್ಕೆ ಸುರಿದ್ರೆ, ಸೊಳ್ಳೆ ಮರಿಗೆ ನಾವೇ ಟಾನಿಕ್ ಕೊಟ್ಟ ಹಾಗಾದೀತು.

ಈ ನಂಟು ಎಷ್ಟು ಹಳೆಯದು ಅನ್ನೋದಕ್ಕೆ ಒಂದು ಪುರಾವೆ ಹೇಳಿ ಮುಂದೆ ಹೋಗ್ತೀನಿ. ಹಾರ್ನ್ ಕೆಲಸ ಮಾಡಿದ ಶಿಲೀಂಧ್ರಕ್ಕೆ ಈಗ ಜಾಂಕುಡೋಮೈಸಿಸ್ ಅಂತ ಹೊಸ ಹೆಸರು. ಸ್ಪ್ಯಾನಿಶ್‌ನಲ್ಲಿ ಜಾಂಕುಡೋ ಅಂದ್ರೆ ಸೊಳ್ಳೆ. 2016ರಲ್ಲಿ ಇದರ ಡಿಎನ್‌ಎ ಓದಿದ ಟೊರಾಂಟೊದ ಸಂಶೋಧಕರಿಗೆ ಅದರಲ್ಲಿ ಸೊಳ್ಳೆಯದ್ದೇ ಒಂದು ಜೀನ್ ಸಿಕ್ಕಿತು. ಹೊಟ್ಟೆಯಲ್ಲಿ ಇದ್ದು ಇದ್ದು ಯಾವಾಗಲೋ ಮನೆಯವರ ಜೀನ್ ಒಂದನ್ನು ಬಾಡಿಗೆದಾರ ತನ್ನದು ಮಾಡಿಕೊಂಡಿದ್ದಾನೆ.

ಅದೇ ಬೀಗಕ್ಕೆ ಬೇರೆ ಕೈ

ಹಾಗಾದ್ರೆ ಈ ಕ್ಷಾರದ ಕರುಳಿನಿಂದ ನಮಗೆ ಉಪಯೋಗ ಇಲ್ವಾ? ಇದೆ. ಆಗಲೇ ಬಳಕೆಯಲ್ಲಿದೆ, ಆದ್ರೆ ಶಿಲೀಂಧ್ರದಿಂದ ಅಲ್ಲ, ಬ್ಯಾಕ್ಟೀರಿಯಾದಿಂದ.

1976ರಲ್ಲಿ ಇಸ್ರೇಲ್‌ನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ ಸೊಳ್ಳೆ ಮರಿಗಳು ರಾಶಿ ಸತ್ತು ಬಿದ್ದಿದ್ದವು. ಅಲ್ಲಿ ಸಿಕ್ಕಿದ್ದು ಬಿಟಿಐ ಅನ್ನೋ ಬ್ಯಾಕ್ಟೀರಿಯಾ. ನಮ್ಮ ಬಿಟಿ ಹತ್ತಿಯ ಬಿಟಿ ಇದೆಯಲ್ಲ, ಅದರದ್ದೇ ದಾಯಾದಿ. ಇದು ತನ್ನ ಬೀಜಾಣುವಿನ ಜೊತೆ ಒಂದು ಪ್ರೋಟೀನ್ ಹರಳು ಕಟ್ಟುತ್ತದೆ. ಆ ಹರಳು ನೀರಲ್ಲಿ ಕರಗೋದಿಲ್ಲ. ಸೊಳ್ಳೆ ಮರಿಯ ಕ್ಷಾರದ ನಡುಗರುಳು ಮುಟ್ಟಿದಾಗ ಕರಗ್ತದೆ, ಅಲ್ಲಿನ ಕಿಣ್ವಗಳು ಅದನ್ನು ಕತ್ತರಿಸಿದಾಗ ವಿಷವಾಗ್ತದೆ, ಕರುಳಿನ ಕೋಶಗಳಿಗೆ ತೂತು ಬೀಳ್ತದೆ. ನಮ್ಮ ಹೊಟ್ಟೆ ಹುಳಿ, ಆಮ್ಲ. ಕ್ಷಾರದ ಬೀಗ ನಮ್ಮಲ್ಲಿಲ್ಲ, ಹಾಗಾಗಿ ಆ ವಿಷ ನಮ್ಮಲ್ಲಿ ತೆರೆದುಕೊಳ್ಳೋದಿಲ್ಲ.

ಇದರ ಕೆಲಸದ ರೀತಿ ಗೊತ್ತಿದ್ರೆ ಅದರ ಮಿತಿಯೂ ಗೊತ್ತಾಗ್ತದೆ. ಒಂದು, ಮರಿ ಅದನ್ನು ತಿನ್ನಲೇಬೇಕು. ತಿನ್ನೋದು ನಿಲ್ಲಿಸಿದ ಪ್ಯೂಪಾಗೆ ಏನೂ ಆಗೋದಿಲ್ಲ. ಎರಡು, ಹೊಲಸು ತುಂಬಿದ ಗಟಾರದಲ್ಲಿ ಮರಿಗೆ ತಿನ್ನೋಕೆ ಬೇರೆ ಬೇಕಾದಷ್ಟು ಇರ್ತದೆ, ಹರಳು ತಳ ಸೇರ್ತದೆ, ಪರಿಣಾಮ ಕುಗ್ತದೆ. ಮೂರು, ಕೆಲವೇ ದಿನಕ್ಕೆ ಮತ್ತೆ ಹಾಕಬೇಕು. ಗಟಾರದ ಹೂಳು ತೆಗೆಯದೆ ಬರೀ ಔಷಧಿ ಸಿಂಪಡಿಸಿದ್ರೆ ಯಾಕೆ ಸಾಲದು ಅನ್ನೋದಕ್ಕೆ ಕಾರಣ ಸೊಳ್ಳೆ ಮರಿಯ ಕರುಳಲ್ಲೇ ಇದೆ.

ಹೊಲದ ಶಿಲೀಂಧ್ರ, ಹುತ್ತದ ಶಿಲೀಂಧ್ರ

ರೈತರ ಮನೆ ಹುಡುಗರು ಕೇಳಬಹುದು: ಬ್ಯುವೇರಿಯಾ, ಮೆಟಾರೈಜಿಯಂ ಅಂತ ತಂದು ಹುಳಕ್ಕೆ ಹೊಡೀತೀವಲ್ಲ, ಅವೂ ಇದೇನಾ? ಅಲ್ಲ. ಅವುಗಳ ಬೀಜಾಣುವಿಗೆ ಹುಳ ತಿನ್ನಬೇಕು ಅಂತಿಲ್ಲ. ಹುಳದ ಚರ್ಮದ ಮೇಲೆ ಬಿದ್ದು, ಅಲ್ಲೇ ಮೊಳೆತು, ಚರ್ಮ ಕೊರೆದು ಒಳಗೆ ಹೋಗ್ತವೆ. ಅದಕ್ಕೆ ಬೇಕಾದದ್ದು ತೇವ. ಅದಕ್ಕೇ ಸಂಜೆ ಹೊತ್ತು ಸಿಂಪಡಿಸಿ ಅನ್ನೋದು. ಸುಡು ಬಿಸಿಲಿನ ಮಧ್ಯಾಹ್ನ ಹೊಡೆದ್ರೆ, ಮಳೆ ನಂಬಿ ಕೆಟ್ಟ ತೊಗರಿ ಬೀಜದ ಕಥೆಯೇ. ಶಿಲೀಂಧ್ರನಾಶಕದ ಜೊತೆ ಒಂದೇ ಟ್ಯಾಂಕಿಗೆ ಬೆರೆಸಿದ್ರಂತೂ ತಂದ ದುಡ್ಡು ನೀರುಪಾಲು.

ಇನ್ನು ಹುತ್ತ. ಪಂಚಮಿಗೆ ಹಾಲೆರೆಯೋ ಹುತ್ತ ಕಟ್ಟೋದು ಹಾವಲ್ಲ, ಗೆದ್ದಲು ಅನ್ನೋದು ನಿಮಗೆ ಗೊತ್ತು. ಒಳಗೆ ಗೆದ್ದಲು ವ್ಯವಸಾಯ ಮಾಡ್ತದೆ, ಬೆಳೆ ಶಿಲೀಂಧ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಮತ್ತು ಅವರ ತಂಡ ಇಂಥ ಹುತ್ತಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅಲ್ಲಿ ಗೆದ್ದಲು ಶಿಲೀಂಧ್ರದ ಬೀಜಾಣು ತುಂಬಿದ ಬಿಳಿ ಗುಂಡುಗಳನ್ನು ಒಣ ಎಲೆ, ಕಟ್ಟಿಗೆ ಚೂರಿನ ಜೊತೆ ತಿಂದು, ಅದನ್ನೇ ಹಿಕ್ಕೆಯಾಗಿ ಹಾಕಿ ಹೊಸ ತೋಟ ಕಟ್ತದೆ. ಬೀಜಾಣು ಕರುಳಲ್ಲಿ ಜೀರ್ಣವಾಗದೆ ದಾಟಿ, ಹೊರಗೆ ಬಂದ ಮೇಲೆ ಆ ಗೊಬ್ಬರದಲ್ಲಿ ಮೊಳೀತದೆ.

ಮೂರೂ ಶಿಲೀಂಧ್ರಗಳೇ. ಒಂದಕ್ಕೆ ಚರ್ಮದ ಮೇಲೆ ಎಚ್ಚರ, ಒಂದಕ್ಕೆ ಕರುಳೊಳಗೆ ಎಚ್ಚರ, ಒಂದಕ್ಕೆ ಕರುಳು ದಾಟಿದ ಮೇಲೆ ಎಚ್ಚರ.

ನೀವೇ ನೋಡಬಹುದು

ಜೀವಶಾಸ್ತ್ರ ಓದ್ತಿರೋ ಪಿಯುಸಿ, ಡಿಗ್ರಿ ವಿದ್ಯಾರ್ಥಿಗಳಿಗೆ ಒಂದು ಮಾತು. ಇದನ್ನು ನೋಡೋಕೆ ಕೋಟಿ ರೂಪಾಯಿಯ ಯಂತ್ರ ಬೇಡ. ಕಾಲೇಜಿನ ಸಾಮಾನ್ಯ ಮೈಕ್ರೋಸ್ಕೋಪ್, ಎರಡು ಸೂಜಿ, ಒಂದು ಗಾಜಿನ ಸ್ಲೈಡ್, ಒಂದು ಹನಿ ನೀರು. ದೊಡ್ಡದಾಗಿ ಬೆಳೆದ ಮರಿಯ ಬಾಲದ ಕಡೆಯಿಂದ ಕರುಳನ್ನು ನಿಧಾನಕ್ಕೆ ಎಳೆದು, ಕೊನೆ ಭಾಗವನ್ನು ಬಿಡಿಸಿ ನೋಡಬೇಕು. ಶಿಲೀಂಧ್ರ ಇದ್ರೆ ಬಣ್ಣವಿಲ್ಲದ, ಕವಲೊಡೆದ ಎಳೆಗಳು ಪೊದೆಯ ಹಾಗೆ ಕಾಣ್ತವೆ, ಎಳೆಗಳ ತುದಿಯಲ್ಲಿ ಸಾಲಾಗಿ ಬೀಜಾಣು. ಎಲ್ಲ ಮರಿಯಲ್ಲೂ ಸಿಗೋದಿಲ್ಲ, ಹತ್ತಾರು ಬಿಡಿಸಬೇಕಾದೀತು. ಮೇಷ್ಟ್ರ ಜೊತೆ ಲ್ಯಾಬಿನಲ್ಲಿ ಮಾಡಿ. ಮರಿ ಹಿಡಿದಿಟ್ಟ ಬಾಟ್ಲಿಗೆ ಬಟ್ಟೆ ಕಟ್ಟಿ, ಕೆಲಸ ಮುಗಿದ ದಿನವೇ ಉಳಿದ ನೀರನ್ನು ಬಿಸಿಲಿನ ಒಣ ನೆಲಕ್ಕೆ ಚೆಲ್ಲಿ. ಪ್ರಯೋಗ ಅಂತ ಹೇಳಿ ಊರಿಗೆ ಸೊಳ್ಳೆ ಸಾಕಿ ಕೊಡಬೇಡಿ!

ಕೊನೆಗೆ, ನಮ್ಮ ಕೈಲಿರೋದು

ಈ ಎಪಿಸೋಡ್‌ನಿಂದ ನಾನು ಮನೆಗೆ ಒಯ್ಯೋ ಮಾತು ಇಷ್ಟು. ಸೊಳ್ಳೆಯ ವಿರುದ್ಧ ಕೆಲಸ ಮಾಡೋ ಕಾಲ ಅದು ಮರಿಯಾಗಿದ್ದಾಗ, ನೀರಲ್ಲಿದ್ದಾಗ, ತಿನ್ನುತ್ತಿದ್ದಾಗ. ನಮ್ಮ ಬಿಸಿಲಿನ ಊರಲ್ಲಿ ಮೊಟ್ಟೆಯಿಂದ ರೆಕ್ಕೆ ಬರೋಕೆ ಒಂದು ವಾರದಿಂದ ಹತ್ತು ದಿನ ಸಾಕು. ಹಾಗಾಗಿ ಬ್ಯಾರಲ್ಲು, ತೊಟ್ಟಿ, ಕೂಲರ್ ನೀರನ್ನು ವಾರಕ್ಕೊಂದು ದಿನ ಪೂರ್ತಿ ಖಾಲಿ ಮಾಡಿ, ಉಜ್ಜಿ ಒಣಗಿಸಿದ್ರೆ ಆ ಲೆಕ್ಕ ತಪ್ಪಿಸಬಹುದು. ಗಟಾರದ ವಿಷಯಕ್ಕೆ ಒಬ್ಬರ ಕೈ ಸಾಲದು, ಗ್ರಾಮ ಪಂಚಾಯಿತಿ, ನಗರಸಭೆಗೆ ಬೆನ್ನು ಹತ್ತಲೇಬೇಕು.

ಮತ್ತೆ ಆನೆಕಾಲು ರೋಗದ ಮಾತ್ರೆ. ವಿತರಣೆ ನಡೆಯೋ ಊರುಗಳಲ್ಲಿ ಆಶಾ ಅಕ್ಕ ಮನೆ ಬಾಗಿಲಿಗೆ ಬರ್ತಾರೆ. 'ಇಟ್ಟು ಹೋಗ್ರಿ ಅಕ್ಕ, ಆಮೇಲೆ ತಗೋತೀವಿ' ಅಂತೀವಿ. ಆ ಮಾತ್ರೆ ಕಪಾಟಿನ ಮೇಲೇ ಉಳೀತದೆ. 'ನನಗೆ ರೋಗ ಇಲ್ಲ, ನಾನ್ಯಾಕೆ ತಿನ್ನಲಿ' ಅನ್ನೋದು ಇನ್ನೊಂದು. ಈ ಹುಳು ಮೈಯಲ್ಲಿ ವರ್ಷಗಟ್ಟಲೆ ಸುಮ್ಮನಿರಬಲ್ಲದು. ಕಾಲು ಊದದ ಮನುಷ್ಯನ ರಕ್ತದಲ್ಲೂ ಅದರ ಮರಿಗಳು ಇರಬಹುದು, ಅವು ಕ್ಯೂಲೆಕ್ಸ್ ಕಚ್ಚುವ ರಾತ್ರಿ ಹೊತ್ತಿಗೆ ಸರಿಯಾಗಿ ರಕ್ತಕ್ಕೆ ಬರ್ತವೆ. ಅದಕ್ಕೇ ರಕ್ತ ಪರೀಕ್ಷೆಗೆ ರಾತ್ರಿಯೇ ಬರೋದು. ಗರ್ಭಿಣಿಯರು, ತೀರಾ ಚಿಕ್ಕ ಮಕ್ಕಳು, ತೀವ್ರ ಕಾಯಿಲೆ ಇರೋರನ್ನು ಬಿಟ್ಟು ಉಳಿದವರು ಊಟ ಮಾಡಿ, ಆರೋಗ್ಯ ಕಾರ್ಯಕರ್ತರ ಎದುರಲ್ಲೇ ನುಂಗೋದು ಸರಿಯಾದ ಕ್ರಮ. ಮನೆಯಲ್ಲಿ ಹಿರಿಯರು ಹಿಂಜರಿದ್ರೆ, ಈ ಮಾತನ್ನು ಅವರಿಗೆ ತಿಳಿಯೋ ಹಾಗೆ ಹೇಳೋ ಕೆಲಸ ಫೋನ್ ಕೈಯಲ್ಲಿರೋ ನಿಮ್ಮದು.

ಒಂದು ಬೀಜಾಣು ತನ್ನ ಸಮಯ ಬಂದದ್ದನ್ನು ನಿಮಿಷದಲ್ಲಿ ಗುರುತಿಸಿ ಕೆಲಸ ಶುರು ಮಾಡ್ತದೆ. ನಮಗೆ ಒಂದು ವಾರದ ಅವಕಾಶ ಇದೆ. ಸಾಕಾಗಬೇಕಲ್ವಾ?

ಎಪಿಸೋಡ್ ಇಷ್ಟ ಆದ್ರೆ ನಿಮ್ಮ ಊರಿನ ವಾಟ್ಸಾಪ್ ಗ್ರೂಪಿಗೆ ಕಳಿಸಿ. ಬ್ಯಾರಲ್ ತೊಳೆಯೋ ಪಾಳಿ ಈ ವಾರ ಯಾರದ್ದು ಅಂತ ಮನೆಯಲ್ಲಿ ಇವತ್ತೇ ಗೊತ್ತು ಮಾಡಿ.